ಮೊದಲ ಉಸಿರಿನ ಹಿಂದಿನ ಕಥೆ

1963ರ ಆಗಸ್ಟ್ 7ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಓಟಿಸ್ ವಾಯುನೆಲೆಯ ಆಸ್ಪತ್ರೆಯಲ್ಲಿ ಗಂಡುಮಗುವೊಂದು ಜನಿಸಿತು. ದಿನ ತುಂಬಲು ಇನ್ನೂ ಐದೂವರೆ ವಾರ ಬಾಕಿಯಿತ್ತು. ತೂಕ ಸುಮಾರು 2.1 ಕಿಲೋ. ತೀರ ಸಣ್ಣ ಕೂಸೇನೂ ಅಲ್ಲ. ಆದರೆ ಹುಟ್ಟಿದ ಸ್ವಲ್ಪ ಹೊತ್ತಿಗೇ ಅದಕ್ಕೆ ಉಸಿರಾಟ ಕಷ್ಟವಾಯಿತು. ಮಗುವನ್ನು ಬೋಸ್ಟನ್ ನಗರದ ಮಕ್ಕಳ ಆಸ್ಪತ್ರೆಗೆ ಸಾಗಿಸಲಾಯಿತು. ಅಧಿಕ ಒತ್ತಡದಲ್ಲಿ ಆಮ್ಲಜನಕ ತುಂಬಿದ ಕೋಣೆಯಲ್ಲಿಟ್ಟು ವೈದ್ಯರು ಕೊನೆಯ ಪ್ರಯತ್ನ ಮಾಡಿದರು. ಫಲಿಸಲಿಲ್ಲ. 39 ಗಂಟೆ ಬದುಕಿದ್ದ ಆ ಮಗುವಿನ ಹೆಸರು ಪ್ಯಾಟ್ರಿಕ್. ತಂದೆ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ.

ಜಗತ್ತಿನ ಅತಿ ಪ್ರಬಲ ರಾಷ್ಟ್ರದ ಅಧ್ಯಕ್ಷನ ಮಗುವಿಗೂ ಅಂದು ಔಷಧ ಇರಲಿಲ್ಲ. ಇಂದು ಸುಸಜ್ಜಿತ ಆಸ್ಪತ್ರೆಯಲ್ಲಿ ಅಂಥ ಕೂಸು ಬದುಕುಳಿಯುವುದು ಸಾಮಾನ್ಯ ಸಂಗತಿ. ಈ ಎರಡರ ನಡುವೆ ಏನಾಯಿತು? ಉತ್ತರ ಹುಡುಕಹೊರಟರೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಈ ಸಾವಿಗೆ ಕಾರಣವೇನೆಂಬುದು ಅದೇ ಬೋಸ್ಟನ್ ನಗರದಲ್ಲಿ ನಾಲ್ಕು ವರ್ಷದ ಹಿಂದೆಯೇ ಪತ್ತೆಯಾಗಿತ್ತು. ಅದರ ಸುಳಿವಂತೂ 34 ವರ್ಷಗಳ ಹಿಂದೆಯೇ ಅಚ್ಚಾಗಿತ್ತು. ಮೊದಲ ಉಸಿರಿನ ಇತಿಹಾಸದಲ್ಲಿ ತಿಳಿವಳಿಕೆ ಮೊದಲು ಬಂದಿದೆ. ಅದನ್ನು ನಂಬುವ ಮನಸ್ಸು ಯಾವಾಗಲೂ ತಡವಾಗಿ ಬಂದಿದೆ.

ನೀರಿನಲ್ಲಿ ಬೆಳೆಯುವ ಗಾಳಿಯ ಮರ

ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಶ್ವಾಸಕೋಶದ ಅಗತ್ಯವೇ ಇಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಆದರೂ ಶ್ವಾಸಕೋಶದ ಕೆಲಸ ನಾಲ್ಕನೆಯ ವಾರದಲ್ಲೇ ಆರಂಭವಾಗುತ್ತದೆ. ಮುಂದೆ ಅನ್ನನಾಳವಾಗಲಿರುವ ಕೊಳವೆಯ ಮುಂಬದಿಯಲ್ಲಿ ಒಂದು ಸಣ್ಣ ಮೊಗ್ಗು ಮೂಡುತ್ತದೆ. ಅದು ಎರಡಾಗಿ ಒಡೆಯುತ್ತದೆ. ಒಂದು ಬಲ ಶ್ವಾಸಕೋಶ, ಇನ್ನೊಂದು ಎಡ. ಪ್ರತಿ ಕವಲೂ ಮತ್ತೆ ಮತ್ತೆ ಕವಲೊಡೆಯುತ್ತಾ ಹೋಗಿ, ತಲೆಕೆಳಗಾದ ಮರದಂತೆ ಬೆಳೆಯುತ್ತದೆ. ಗಾಳಿ ಸಾಗುವ ನಾಳಗಳ ಈ ಕವಲುಗಳೆಲ್ಲ 16-17ನೆಯ ವಾರದ ಹೊತ್ತಿಗೆ ಮೂಡಿಬಿಟ್ಟಿರುತ್ತವೆ. ಮುಂದೆ ಅವು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಹೊಸ ಕವಲು ಮಾತ್ರ ಮೂಡುವುದಿಲ್ಲ.

ಆದರೆ ಕೊಂಬೆಗಳಿದ್ದ ಮಾತ್ರಕ್ಕೆ ಉಸಿರಾಡಲಾಗದು. ಎಲೆಗಳು ಬೇಕು. ನಾಳಗಳ ತುದಿಯ ಗಾಳಿಗೂಡುಗಳೇ ಆ ಎಲೆಗಳು. ಅವುಗಳ ತೆಳುವಾದ ಗೋಡೆಯಲ್ಲಿ ಗಾಳಿ ಮತ್ತು ರಕ್ತ ಪರಸ್ಪರ ಹತ್ತಿರ ಬರಬೇಕು. 16ನೆಯ ವಾರದ ನಂತರ ಸೂಕ್ಷ್ಮ ರಕ್ತನಾಳಗಳು ಈ ತುದಿಗಳತ್ತ ಹಬ್ಬಲಾರಂಭಿಸುತ್ತವೆ. ಸುಮಾರು 24ನೆಯ ವಾರಕ್ಕೆ ಪುಟ್ಟ ಚೀಲಗಳು ಕಾಣಿಸಿಕೊಳ್ಳುತ್ತವೆ. ವಾರ ಕಳೆದಂತೆ ಗೋಡೆ ತೆಳುವಾಗುತ್ತದೆ. ನಿಜವಾದ ಗಾಳಿಗೂಡುಗಳು ಹೆಚ್ಚಾಗಿ ಮೂಡುವುದು 36ನೆಯ ವಾರದ ನಂತರ.

ಈ ಅವಧಿಯಲ್ಲಿ ಶ್ವಾಸಕೋಶದ ತುಂಬ ದ್ರವ. ಇದು ಗರ್ಭಚೀಲದ ನೀರನ್ನು ಶಿಶು ಒಳಗೆಳೆದುಕೊಂಡದ್ದು ಎಂದು ಬಹುಕಾಲ ಭಾವಿಸಲಾಗಿತ್ತು. ವಾಸ್ತವವಾಗಿ ಶ್ವಾಸಕೋಶವೇ ಅದನ್ನು ಸ್ರವಿಸುತ್ತದೆ. ಆ ದ್ರವ ಒಳಗಿನಿಂದ ಒತ್ತುತ್ತಾ ಶ್ವಾಸಕೋಶವನ್ನು ಹಿಗ್ಗಿಸಿ ಬೆಳೆಸುತ್ತದೆ. ಶಿಶು ಗರ್ಭದಲ್ಲೇ ಉಸಿರಾಟದ ಅಭ್ಯಾಸವನ್ನೂ ನಡೆಸುತ್ತದೆ. ಅದರ ವಪೆ ಆಗಾಗ ಮೇಲೆ ಕೆಳಗೆ ಆಡುವುದನ್ನು ಸ್ಕ್ಯಾನಿಂಗ್ ಪರದೆಯ ಮೇಲೆ ನೋಡಬಹುದು. ಗಾಳಿಯೇ ಇಲ್ಲದ ಕಡೆ ಉಸಿರಾಟದ ತಾಲೀಮು! ಈ ತಾಲೀಮು ನಡೆಯದಿದ್ದರೆ ಶ್ವಾಸಕೋಶ ಕುಗ್ಗಿದಂತೆಯೇ ಉಳಿಯುತ್ತದೆ.

ಹಾರ್ವೆ ಕೇಳಿದ ಪ್ರಶ್ನೆ

ರಕ್ತಪರಿಚಲನೆಯನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1651ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಒಗಟನ್ನು ಮುಂದಿಟ್ಟಿದ್ದರು. ಗರ್ಭದಲ್ಲಿ ತಿಂಗಳುಗಟ್ಟಲೆ ಉಸಿರಾಡದೆ ಬದುಕುವ ಶಿಶು, ಒಮ್ಮೆ ಉಸಿರೆಳೆದ ಮೇಲೆ ಉಸಿರಿಲ್ಲದೆ ಕ್ಷಣಕಾಲವೂ ಏಕೆ ಬದುಕಲಾರದು?

ಇಂದು ಇದಕ್ಕೆ ಉತ್ತರವಿದೆ. ಹೆರಿಗೆನೋವಿನ ಸಮಯದಲ್ಲಿ ಶಿಶುವಿನ ದೇಹದಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಅಲ್ಲಿಯವರೆಗೆ ದ್ರವ ಸ್ರವಿಸುತ್ತಿದ್ದ ಶ್ವಾಸಕೋಶ ಅದನ್ನು ಹೀರಿಕೊಳ್ಳತೊಡಗುತ್ತದೆ. ಹುಟ್ಟಿದ ಕೂಸು ಮೊದಲ ಉಸಿರು ಎಳೆದೊಡನೆ ಗಾಳಿ ಒಳನುಗ್ಗಿ ಉಳಿದ ದ್ರವವನ್ನು ಪಕ್ಕಕ್ಕೆ ತಳ್ಳುತ್ತದೆ. ಬಿಗಿದುಕೊಂಡಿದ್ದ ಶ್ವಾಸಕೋಶದ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಅಲ್ಲಿಯತನಕ ಶ್ವಾಸಕೋಶವನ್ನು ಬಳಸಿ ಹೋಗುತ್ತಿದ್ದ ರಕ್ತ ಈಗ ಅದರೊಳಕ್ಕೆ ಹರಿಯುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ ಮುಚ್ಚಿಕೊಳ್ಳುತ್ತದೆ. ಗರ್ಭದಲ್ಲಿ ಅಡ್ಡದಾರಿಯಾಗಿದ್ದ ಒಂದು ರಕ್ತನಾಳ ಒಂದೆರಡು ದಿನಗಳಲ್ಲಿ ಬಿಗಿದು ಮುಚ್ಚುತ್ತದೆ. ಹಳೆಯ ದಾರಿ ಮುಚ್ಚಿ ಹೊಸ ದಾರಿ ತೆರೆದ ಮೇಲೆ ಹಿಂದಿರುಗುವಂತಿಲ್ಲ. ಕೋಣೆಯ ಹೊರಗೆ ಕಾದವರು ಕೂಸಿನ ಅಳು ಕೇಳಿ ನಿಟ್ಟುಸಿರು ಬಿಡುವುದು ಸುಮ್ಮನೆ ಅಲ್ಲ.

ಆದರೆ ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಕೂಸುಗಳು ಅತ್ತು, ಉಸಿರೆಳೆದು, ಕೆಲವು ಗಂಟೆಗಳಲ್ಲಿ ಬಳಲಿ ಸಾಯುತ್ತಿದ್ದವು. ಪ್ರತಿ ಉಸಿರಿಗೂ ಎದೆ ಒಳಕ್ಕೆ ಕುಸಿಯುತ್ತಿತ್ತು. ಉಸಿರು ಬಿಡುವಾಗ ನರಳುವಂಥ ದನಿ. ಮೈ ನೀಲಿಗಟ್ಟುತ್ತಿತ್ತು. ಶವಪರೀಕ್ಷೆಯಲ್ಲಿ ಗಾಳಿಚೀಲಗಳ ಒಳಗೆ ಗಾಜಿನಂತೆ ಹೊಳೆಯುವ ಪೊರೆ ಕಾಣುತ್ತಿತ್ತು. ಅದರಿಂದಾಗಿ ಇದಕ್ಕೆ ‘ಹಯಲಿನ್ ಪೊರೆ ರೋಗ’ ಎಂಬ ಹೆಸರು ಬಂತು. ಕೂಸು ಏನನ್ನೋ ಒಳಗೆಳೆದುಕೊಂಡಿದೆ, ಅದೇ ಪೊರೆಯಾಗಿ ಉಸಿರುಗಟ್ಟಿಸುತ್ತಿದೆ ಎಂದು ಅನೇಕ ವೈದ್ಯರು ನಂಬಿದ್ದರು.

ಜನಸಾಮಾನ್ಯರ ನಂಬಿಕೆ ಬೇರೆಯೇ ಇತ್ತು. ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕೀತು, ಎಂಟಕ್ಕೆ ಹುಟ್ಟಿದ್ದು ಬದುಕದು ಎಂಬ ಮಾತು ನಮ್ಮಲ್ಲೂ ಹಿರಿಯರ ಬಾಯಲ್ಲಿ ಕೇಳಿಬರುತ್ತದೆ. ಇದು ಬಹು ಹಳೆಯ ನಂಬಿಕೆ. ಪ್ರಾಚೀನ ಗ್ರೀಸಿನ ಹಿಪಾಕ್ರಟೀಸನ ಪರಂಪರೆಯಲ್ಲಿ ಎಂಟು ತಿಂಗಳ ಕೂಸಿನ ಬಗ್ಗೆಯೇ ಒಂದು ಗ್ರಂಥವಿದೆ. ಶ್ವಾಸಕೋಶದ ಬೆಳವಣಿಗೆ ಈ ಲೆಕ್ಕವನ್ನು ಒಪ್ಪುವುದಿಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಉಸಿರಿಗೆ ಬಲ ಕೂಡಿಸುತ್ತದೆ. ಏಳಕ್ಕಿಂತ ಎಂಟು ಮೇಲು, ಎಂಟಕ್ಕಿಂತ ಒಂಬತ್ತು ಮೇಲು.

ಗುಳ್ಳೆಯ ಲೆಕ್ಕಾಚಾರ

ಹಾಗಾದರೆ ಆ ಕೂಸುಗಳ ಶ್ವಾಸಕೋಶದಲ್ಲಿ ಕೊರತೆಯಾಗಿದ್ದುದೇನು? ಉತ್ತರದ ತುದಿ ಮೊದಲು ಸಿಕ್ಕಿದ್ದು 1929ರಲ್ಲಿ. ಸ್ವಿಟ್ಜರ್‌ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಕುರ್ಟ್ ಫಾನ್ ನೀರ್ಗಾರ್ಡ್ ಎಂಬ ವೈದ್ಯ ವಿಜ್ಞಾನಿ ಹಂದಿಯ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದ, ಇನ್ನೊಮ್ಮೆ ದ್ರವದಿಂದ ಉಬ್ಬಿಸಿ ನೋಡಿದರು. ಗಾಳಿಯಿಂದ ಉಬ್ಬಿಸಲು ಬಹಳ ಹೆಚ್ಚು ಒತ್ತಡ ಬೇಕಾಯಿತು. ಶ್ವಾಸಕೋಶ ಕುಗ್ಗಲು ಎಳೆಯುವ ಬಲದಲ್ಲಿ ಹೆಚ್ಚಿನ ಪಾಲು ಅದರ ನಾರುಗಳದ್ದಲ್ಲ, ಒಳಗೋಡೆಯ ತೇವದ ಮೇಲ್ಮೈ ಎಳೆತದ್ದು ಎಂದು ಅವರು ತೋರಿಸಿದರು.

ಮೇಲ್ಮೈ ಎಳೆತ ನಮಗೆ ಅಪರಿಚಿತವಲ್ಲ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ! ಗಾಳಿಗೂಡಿನ ಒಳಗೋಡೆಯೂ ಸದಾ ಒದ್ದೆ. ಜೊತೆಗೆ ಇನ್ನೊಂದು ತೊಡಕಿದೆ. ಗುಳ್ಳೆ ಚಿಕ್ಕದಾದಷ್ಟೂ ಅದನ್ನು ಕುಗ್ಗಿಸುವ ಒತ್ತಡ ಹೆಚ್ಚು. ಒಂದು ದೊಡ್ಡ ಸೋಪಿನ ಗುಳ್ಳೆಯನ್ನೂ ಒಂದು ಸಣ್ಣ ಗುಳ್ಳೆಯನ್ನೂ ಕೊಳವೆಯಿಂದ ಜೋಡಿಸಿದರೆ ಸಣ್ಣದರ ಗಾಳಿಯೆಲ್ಲ ದೊಡ್ಡದಕ್ಕೆ ಹೋಗಿಬಿಡುತ್ತದೆ. ಈ ಲೆಕ್ಕದ ಪ್ರಕಾರ ಮನುಷ್ಯನ ಶ್ವಾಸಕೋಶದ ಸಣ್ಣ ಗಾಳಿಗೂಡುಗಳೆಲ್ಲ ಪ್ರತಿ ಸಲ ಉಸಿರು ಬಿಟ್ಟಾಗಲೂ ಮುಚ್ಚಿಹೋಗಬೇಕು. ಹಾಗಾಗುವುದಿಲ್ಲ. ಏಕೆ?

ನೀರ್ಗಾರ್ಡ್ ನವಜಾತ ಶಿಶುವಿನ ಮೊದಲ ಉಸಿರಿಗೂ ಈ ಎಳೆತಕ್ಕೂ ಸಂಬಂಧವಿರಬಹುದೆಂದು ಬರೆದಿದ್ದರು. ಅವರ ಪ್ರಬಂಧ ಜರ್ಮನ್ ಭಾಷೆಯಲ್ಲಿತ್ತು. ಕಾಲು ಶತಮಾನ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ವಿಷಾನಿಲದ ಪ್ರಯೋಗಶಾಲೆಯಿಂದ

ಮುಂದಿನ ಹೆಜ್ಜೆ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಬ್ರಿಟನ್ ಮತ್ತು ಅಮೆರಿಕ ವಿಷಾನಿಲಗಳು ಶ್ವಾಸಕೋಶದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ಅಧ್ಯಯನ ಮಾಡುತ್ತಿದ್ದವು. ಇಂಗ್ಲೆಂಡಿನ ಪೋರ್ಟನ್ ಡೌನ್ ಸೇನಾ ಪ್ರಯೋಗಶಾಲೆಯಲ್ಲಿ ರಿಚರ್ಡ್ ಪ್ಯಾಟಲ್ ಶ್ವಾಸಕೋಶದಿಂದ ಬರುವ ನೊರೆಯನ್ನು ಪರೀಕ್ಷಿಸುತ್ತಿದ್ದರು. ಸಾಮಾನ್ಯ ನೀರಿನಲ್ಲಿ ಅಂಥ ಪುಟ್ಟ ಗುಳ್ಳೆಗಳು ಬೇಗ ಕುಗ್ಗಿ ಮಾಯವಾಗಬೇಕು. ಈ ಗುಳ್ಳೆಗಳು ಮಾತ್ರ ಹಾಗೇ ನಿಂತಿದ್ದವು. ಅವುಗಳ ಮೇಲ್ಮೈ ಎಳೆತ ಬಹುತೇಕ ಸೊನ್ನೆ ಎಂದು ಅವರು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಮೆರಿಕದ ಸೇನಾ ರಾಸಾಯನಿಕ ಕೇಂದ್ರದಲ್ಲಿ ಜಾನ್ ಕ್ಲೆಮೆಂಟ್ಸ್ ಶ್ವಾಸಕೋಶದ ಸಾರವನ್ನು ತಟ್ಟೆಯಲ್ಲಿ ಹರಡಿ, ಅದರ ಪೊರೆಯನ್ನು ಹಿಗ್ಗಿಸಿ ಕುಗ್ಗಿಸಿ ಅಳೆದರು. ಕುಗ್ಗಿಸಿದಾಗ ಎಳೆತ ತೀವ್ರವಾಗಿ ಇಳಿಯುತ್ತಿತ್ತು. ಇದು 1957ರ ಮಾತು.

ಶ್ವಾಸಕೋಶ ತನ್ನೊಳಗೆ ಒಂದು ಬಗೆಯ ಸಾಬೂನನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಹೀಗೆ ಖಚಿತವಾಯಿತು. ಮೇದಸ್ಸು ಮತ್ತು ಪ್ರೋಟೀನಿನ ಈ ತೆಳು ಲೇಪನಕ್ಕೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಗಾಳಿಗೂಡು ಕುಗ್ಗಿದಂತೆ ಲೇಪನದ ಕಣಗಳು ಒತ್ತೊತ್ತಾಗಿ ಎಳೆತವನ್ನು ತಗ್ಗಿಸುತ್ತವೆ. ಆದ್ದರಿಂದ ಚಿಕ್ಕ ಗೂಡೂ ಮುಚ್ಚಿಹೋಗುವುದಿಲ್ಲ.

ಮೇರಿ ಎಲೆನ್ ಏವರಿ ಎಂಬ ತರುಣ ಮಕ್ಕಳ ವೈದ್ಯೆ ಆಗ ಬೋಸ್ಟನ್ನಿನಲ್ಲಿ ಜೆರಿ ಮೀಡ್ ಅವರ ಬಳಿ ಸಂಶೋಧನೆಯಲ್ಲಿ ತೊಡಗಿದ್ದರು. ಹಯಲಿನ್ ಪೊರೆ ರೋಗದಿಂದ ಸತ್ತ ಕೂಸುಗಳ ಶ್ವಾಸಕೋಶದಲ್ಲಿ ನೊರೆಯೇ ಇಲ್ಲದಿರುವುದು ಅವರ ಗಮನಕ್ಕೆ ಬಂದಿತ್ತು. ಕ್ಲೆಮೆಂಟ್ಸ್ ಅವರ ಕೆಲಸದ ಸುದ್ದಿ ತಿಳಿದು 1957ರ ಡಿಸೆಂಬರಿನಲ್ಲಿ ಅವರ ಪ್ರಯೋಗಶಾಲೆಗೇ ಹೋಗಿ ಅಳೆಯುವ ವಿಧಾನ ಕಲಿತರು. ಬೇರೆ ಕಾರಣಗಳಿಂದ ಸತ್ತ, ಸಾಕಷ್ಟು ಬೆಳೆದ ಕೂಸುಗಳ ಶ್ವಾಸಕೋಶದಲ್ಲಿ ಈ ಲೇಪನವಿತ್ತು. ಪೊರೆ ರೋಗದಿಂದ ಸತ್ತವುಗಳಲ್ಲಿ ಮತ್ತು ತೀರ ಸಣ್ಣ ಕೂಸುಗಳಲ್ಲಿ ಅದರ ಕೊರತೆಯಿತ್ತು. 1959ರಲ್ಲಿ ಏವರಿ ಮತ್ತು ಮೀಡ್ ಇದನ್ನು ಪ್ರಕಟಿಸಿದರು. ಶತ್ರು ಆ ಪೊರೆಯಲ್ಲ, ಪೊರೆ ಕೇವಲ ಹಾನಿಯ ಗುರುತು. ಇರಬೇಕಾದ ವಸ್ತು ಇಲ್ಲದಿರುವುದೇ ರೋಗ.

ಗಾಳಿಗೂಡಿನ ಕೆಲವು ವಿಶೇಷ ಜೀವಕೋಶಗಳು ಸುಮಾರು 24ನೆಯ ವಾರದಿಂದ ಈ ಲೇಪನವನ್ನು ತಯಾರಿಸಲು ಆರಂಭಿಸುತ್ತವೆ. ಆದರೆ ಅದು ಸಾಕಷ್ಟು ಸಂಗ್ರಹವಾಗುವುದು 34-35ನೆಯ ವಾರದ ಹೊತ್ತಿಗೆ. ಪ್ಯಾಟ್ರಿಕ್ ಕೆನಡಿ ಹುಟ್ಟಿದ್ದು ಈ ಗಡಿರೇಖೆಯ ಮೇಲೆ.

ನರಳಿಕೆಯ ಅರ್ಥ

ಕೆನಡಿ ಮಗುವಿನ ಸಾವು ಈ ರೋಗವನ್ನು ಜಗತ್ತಿನ ಮುಂದಿಟ್ಟಿತು. ಸಂಶೋಧನೆ ಚುರುಕಾಯಿತು. ಆದರೂ ಮೊದಲ ದೊಡ್ಡ ಗೆಲುವು ಬಂದದ್ದು 1971ರಲ್ಲಿ. ಸ್ಯಾನ್‌ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಕೂಸುಗಳ ನರಳಿಕೆಯಲ್ಲೇ ಉಪಾಯ ಕಂಡರು. ಉಸಿರು ಬಿಡುವಾಗ ಗಂಟಲನ್ನು ಅರೆಮುಚ್ಚಿ ನರಳುವ ಕೂಸು, ಒಳಗಿನ ಗಾಳಿ ಪೂರ್ತಿ ಹೊರಹೋಗದಂತೆ ತಡೆಯಲು ಯತ್ನಿಸುತ್ತಿರುತ್ತದೆ. ಕೂಸು ಮಾಡುತ್ತಿದ್ದ ಕೆಲಸವನ್ನೇ ಉಪಕರಣದಿಂದ ಮಾಡಿಸಿದರಾಯಿತು. ಸತತವಾಗಿ ಮೃದುವಾದ ಗಾಳಿಯ ಒತ್ತಡ ಕೊಟ್ಟು ಅವರು ಚಿಕಿತ್ಸೆ ಮಾಡಿದ 20 ಕೂಸುಗಳಲ್ಲಿ 16 ಬದುಕಿದವು. ಇಂದು ನವಜಾತ ಶಿಶು ಘಟಕಗಳಲ್ಲಿ ‘ಸಿಪ್ಯಾಪ್’ ಎಂದು ಕರೆಯುವ ವಿಧಾನ ಇದೇ.

ಇಲ್ಲದ ಲೇಪನವನ್ನು ಹೊರಗಿನಿಂದ ಕೊಡುವ ಯತ್ನ 1960ರ ದಶಕದಲ್ಲಿ ವಿಫಲವಾಗಿತ್ತು. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಕೂಸುಗಳ ಶ್ವಾಸನಾಳಕ್ಕೆ ನೇರವಾಗಿ ಹಾಕಿ ಯಶಸ್ಸು ಕಂಡರು. 1990ರಲ್ಲಿ ಅಮೆರಿಕ ಇಂಥ ಔಷಧಕ್ಕೆ ಮೊದಲ ಬಾರಿ ಅನುಮತಿ ನೀಡಿತು.

ಕುರಿಮರಿ ಹೇಳಿದ ಗುಟ್ಟು

ಇವೆರಡೂ ಕೂಸು ಹುಟ್ಟಿದ ಮೇಲಿನ ಚಿಕಿತ್ಸೆಗಳು. ಹುಟ್ಟುವ ಮೊದಲೇ ಶ್ವಾಸಕೋಶವನ್ನು ಬಲಿಯುವಂತೆ ಮಾಡಬಹುದೇ? ಇದಕ್ಕೆ ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಪ್ರಸೂತಿ ತಜ್ಞ ಗ್ರಹಾಂ ಲಿಗಿನ್ಸ್ ಹೆರಿಗೆನೋವು ಹೇಗೆ ಆರಂಭವಾಗುತ್ತದೆಂದು ತಿಳಿಯಲು ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಗರ್ಭದಲ್ಲಿರುವ ಮರಿಗೆ ಸ್ಟೀರಾಯ್ಡ್ ಕೊಟ್ಟಾಗ ಅದು ಅವಧಿಗೆ ಬಹಳ ಮೊದಲೇ ಹುಟ್ಟಿತು. ಬದುಕಲು ಸಾಧ್ಯವೇ ಇಲ್ಲದಂಥ ಮರಿ ಸ್ವಲ್ಪಕಾಲ ಉಸಿರಾಡಿತು. ಅದರ ಶ್ವಾಸಕೋಶದಲ್ಲಿ ಗಾಳಿ ತುಂಬಿತ್ತು. 1969ರಲ್ಲಿ ಇದನ್ನು ವರದಿ ಮಾಡಿದ ಲಿಗಿನ್ಸ್, ಮಕ್ಕಳ ವೈದ್ಯ ರಾಸ್ ಹೌವಿ ಅವರೊಡಗೂಡಿ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ 282 ತಾಯಂದಿರ ಮೇಲೆ ಪ್ರಯೋಗ ನಡೆಸಿದರು. 1972ರಲ್ಲಿ ಫಲಿತಾಂಶ ಹೊರಬಂತು. ಔಷಧ ಪಡೆಯದ ತಾಯಂದಿರ ಕೂಸುಗಳಲ್ಲಿ ಶೇ 25.8ರಷ್ಟು ಉಸಿರಾಟದ ತೊಂದರೆಗೆ ಒಳಗಾದರೆ, ಔಷಧ ಪಡೆದವರ ಕೂಸುಗಳಲ್ಲಿ ಆ ಪ್ರಮಾಣ ಶೇ 9. ಹುಟ್ಟಿದ ಮೊದಲ ದಿನಗಳ ಸಾವು ಶೇ 15ರಿಂದ ಶೇ 3.2ಕ್ಕೆ ಇಳಿದಿತ್ತು.

ಔಷಧ ಅಗ್ಗ. ಕೊಡುವುದು ಸುಲಭ. ಆದರೂ ವೈದ್ಯರು ಹಿಂಜರಿದರು. ಸೋಂಕು ಹೆಚ್ಚೀತೆಂಬ ಭಯವಿತ್ತು. ಹಲವು ದೇಶಗಳಲ್ಲಿ ನಡೆದ ಸಣ್ಣ ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ನೋಡುವವರಿರಲಿಲ್ಲ. 1990ರ ಹೊತ್ತಿಗೆ ಅವನ್ನೆಲ್ಲ ಕೂಡಿಸಿ ನೋಡಿದಾಗ ಲಾಭ ಸ್ಪಷ್ಟವಾಗಿತ್ತು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಲು 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಇದೇ ಸ್ಟೀರಾಯ್ಡ್ ಪ್ರಯೋಗಗಳನ್ನು ಸೂಚಿಸುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1994ರಲ್ಲಿ ಇದನ್ನು ಶಿಫಾರಸು ಮಾಡುವವರೆಗೆ, ಅಗತ್ಯವಿದ್ದ ಐವರು ತಾಯಂದಿರಲ್ಲಿ ಒಬ್ಬರಿಗೂ ಅಲ್ಲಿ ಈ ಚುಚ್ಚುಮದ್ದು ಸಿಗುತ್ತಿರಲಿಲ್ಲ. 22 ವರ್ಷಗಳ ವಿಳಂಬ.

ಬೆಳಗಾವಿಯಲ್ಲಿ ಸಿಕ್ಕ ಉತ್ತರ

ಶ್ರೀಮಂತ ದೇಶಗಳ ಪ್ರಶ್ನೆ ಅಲ್ಲಿಗೆ ಮುಗಿಯಿತು. ನಮ್ಮ ಪ್ರಶ್ನೆ ಮುಗಿದಿರಲಿಲ್ಲ. ಜಗತ್ತಿನಲ್ಲಿ 2020ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಸುಮಾರು 1.34 ಕೋಟಿ ಕೂಸುಗಳಲ್ಲಿ 30 ಲಕ್ಷ ಭಾರತದವು. ಆಕ್ಲೆಂಡಿನ ದೊಡ್ಡಾಸ್ಪತ್ರೆಯಲ್ಲಿ ಫಲಿಸಿದ್ದು ಹಳ್ಳಿಯ ಉಪಕೇಂದ್ರದಲ್ಲಿ ಫಲಿಸುವುದೇ? 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಚುಚ್ಚುಮದ್ದನ್ನು ಕಿರಿಯ ಆರೋಗ್ಯ ಸಹಾಯಕಿಯರೇ ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿತು.

ಮರುವರ್ಷ ಪ್ರಕಟವಾದ ದೊಡ್ಡ ಪ್ರಯೋಗವೊಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಬೆಳಗಾವಿ ಮತ್ತು ನಾಗಪುರ ಸೇರಿದಂತೆ ಆರು ದೇಶಗಳ ಗ್ರಾಮೀಣ ಮತ್ತು ಅರೆನಗರ ಪ್ರದೇಶಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡಿದ್ದ ಪ್ರಯೋಗ ಅದು. ಸ್ಟೀರಾಯ್ಡ್ ಬಳಕೆಯನ್ನು ಹೆಚ್ಚಿಸಿದ ಪ್ರದೇಶಗಳಲ್ಲಿ ಸಣ್ಣ ಕೂಸುಗಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ನವಜಾತ ಶಿಶುಗಳ ಸಾವು ಸಾವಿರಕ್ಕೆ ಮೂರೂವರೆಯಷ್ಟು ಹೆಚ್ಚಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಗರ್ಭಕ್ಕೆ ಎಷ್ಟು ವಾರವಾಯಿತೆಂಬ ಖಚಿತ ಲೆಕ್ಕವಿಲ್ಲದ ಕಡೆ ಔಷಧ ಪಡೆದ ತಾಯಂದಿರಲ್ಲಿ ಹೆಚ್ಚಿನವರು ಸಣ್ಣ ಕೂಸುಗಳನ್ನು ಹೆರಲೇ ಇಲ್ಲ.

ಹಾಗಾದರೆ ಔಷಧವನ್ನೇ ಬಿಡಬೇಕೆ? ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಪ್ರಯೋಗಕ್ಕೆ ಮುಂದಾಯಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ ಮತ್ತು ನೈಜೀರಿಯಾಗಳ 29 ಆಸ್ಪತ್ರೆಗಳು ಇದರಲ್ಲಿ ಸೇರಿದ್ದವು. ಭಾರತದ ಭಾಗವನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ನಿರ್ವಹಿಸಿತು. ಈ ಬಾರಿ ಸ್ಕ್ಯಾನಿಂಗ್‌ನಿಂದ ಗರ್ಭದ ವಾರಗಳನ್ನು ಲೆಕ್ಕಹಾಕಲಾಯಿತು. ಕೂಸಿನ ಆರೈಕೆಗೆ ತಕ್ಕಮಟ್ಟಿನ ವ್ಯವಸ್ಥೆ ಇದ್ದ ಆಸ್ಪತ್ರೆಗಳನ್ನೇ ಆರಿಸಲಾಯಿತು. 2,852 ತಾಯಂದಿರು ಭಾಗವಹಿಸಿದ ಈ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಡೆಕ್ಸಾಮೆಥಸೋನ್ ಪಡೆದವರ ಕೂಸುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಅಂದರೆ ಔಷಧ ಪಡೆದ ಪ್ರತಿ 25 ತಾಯಂದಿರಿಗೆ ಒಂದು ಕೂಸು ಹೆಚ್ಚಾಗಿ ಉಳಿಯಿತು. ತಾಯಂದಿರಲ್ಲಿ ಸೋಂಕು ಹೆಚ್ಚಲಿಲ್ಲ.

ಎರಡು ಪ್ರಯೋಗಗಳಲ್ಲೂ ಔಷಧದ ಜಾತಿ ಒಂದೇ. ವ್ಯತ್ಯಾಸ ಇದ್ದುದು ವಾರದ ಲೆಕ್ಕದಲ್ಲಿ ಮತ್ತು ಹುಟ್ಟಿದ ಮೇಲಿನ ಆರೈಕೆಯಲ್ಲಿ.

ಹುಟ್ಟಿದ ಮೇಲೂ ಬೆಳೆಯುವ ಉಸಿರು

ಬದುಕುಳಿದ ಕೂಸಿನ ಶ್ವಾಸಕೋಶದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪ್ರಾಯದವರ ಶ್ವಾಸಕೋಶಗಳಲ್ಲಿ ಸರಾಸರಿ 48 ಕೋಟಿ ಗಾಳಿಗೂಡುಗಳಿರುತ್ತವೆ ಎಂದು 2004ರ ಎಣಿಕೆಯೊಂದು ತಿಳಿಸಿತು. ಇವುಗಳಲ್ಲಿ ಬಹುಪಾಲು ಮೂಡುವುದು ಹುಟ್ಟಿದ ನಂತರ, ಅದರಲ್ಲೂ ಮೊದಲ ಎರಡು ಮೂರು ವರ್ಷಗಳಲ್ಲಿ. ನವಜಾತ ಕೂಸು ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುತ್ತದೆ. ದೊಡ್ಡವರು 12ರಿಂದ 20 ಬಾರಿ. ಕೂಸಿನ ಪಕ್ಕೆಲುಬುಗಳು ಮೆದು, ಹೆಚ್ಚುಕಡಿಮೆ ಅಡ್ಡಲಾಗಿ ಇರುತ್ತವೆ. ಹೀಗಾಗಿ ಅದು ಎದೆಗಿಂತ ಹೊಟ್ಟೆಯಿಂದಲೇ ಉಸಿರಾಡಿದಂತೆ ಕಾಣುತ್ತದೆ. ಮಲಗಿದ ಕೂಸಿನ ಉಸಿರು ಐದಾರು ಸೆಕೆಂಡು ನಿಂತು ಮತ್ತೆ ಶುರುವಾಗುವುದೂ ಉಂಟು. ಹೊಸ ತಾಯಂದಿರು ಇದನ್ನು ಕಂಡು ಗಾಬರಿಯಾಗುತ್ತಾರೆ. ಮೆದುಳಿನ ನಿಯಂತ್ರಣ ಇನ್ನೂ ಪಕ್ವವಾಗದಿರುವುದೇ ಇದಕ್ಕೆ ಕಾರಣ. ಆದರೆ ಉಸಿರು ಹೆಚ್ಚು ಹೊತ್ತು ನಿಂತರೆ, ಮೈ ನೀಲಿಯಾದರೆ, ಎದೆ ಒಳಕ್ಕೆ ಸೆಳೆದುಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಗಾಳಿಗೂಡುಗಳು ಮೂಡುವ ಈ ವರ್ಷಗಳಲ್ಲಿ ಬೀಡಿ, ಸಿಗರೇಟು, ಸೌದೆ ಒಲೆಗಳ ಹೊಗೆ ಕೂಸಿನ ಬಳಿ ಸುಳಿಯಬಾರದು ಎಂಬ ಎಚ್ಚರಿಕೆಗೂ ಕಾರಣ ಇದೇ.

ನೀರ್ಗಾರ್ಡ್ ಅವರ ಮಾತು ಕೇಳಲು ಜಗತ್ತಿಗೆ 25 ವರ್ಷ ಬೇಕಾಯಿತು. ಲಿಗಿನ್ಸ್ ಅವರ ಚುಚ್ಚುಮದ್ದನ್ನು ಒಪ್ಪಲು 22 ವರ್ಷ. ಈಗ ಜ್ಞಾನದ ಕೊರತೆಯಿಲ್ಲ. ಬೇಕಿರುವುದು ಸಣ್ಣ ಸಂಗತಿಗಳು: ಗರ್ಭಿಣಿಯ ಕೊನೆಯ ಮುಟ್ಟಿನ ದಿನಾಂಕ ತಾಯಿ ಕಾರ್ಡಿನಲ್ಲಿ ಸರಿಯಾಗಿ ದಾಖಲಾಗಬೇಕು, ಮೊದಲ ತಿಂಗಳುಗಳಲ್ಲೇ ಒಂದು ಸ್ಕ್ಯಾನಿಂಗ್ ಆಗಬೇಕು, ತಾಲ್ಲೂಕು ಆಸ್ಪತ್ರೆಯಿಂದ ಶಿಶು ಘಟಕವಿರುವ ಜಿಲ್ಲಾ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ವಾಹನ ಸಿಗಬೇಕು. ಅಧ್ಯಕ್ಷನ ಮಗುವಿಗೆ ಅಂದು ಸಿಗದ ಚಿಕಿತ್ಸೆ ಇಂದು ಕೂಲಿಕಾರ್ಮಿಕಳ ಮಗುವಿಗೂ ಸಿಗಲು ಸಾಧ್ಯವಿದೆ. ಸಿಗುತ್ತದೆಯೋ ಇಲ್ಲವೋ ಎಂಬುದು ಇವುಗಳನ್ನು ಅವಲಂಬಿಸಿದೆ.